ಕಟ್ಟಿ ಸರ್ ಕಣ್ಣಿನ ಪರದೆ

ಹೊಸ ಮಾನಿಟರ್ ಆರಿಸುವ ಕೆಲಸ ವನಜಾ ಹಂಚಿನಮನಿಯ ತಲೆಗೆ ಬಂದದ್ದು ಅವಳ ತಲೆನೋವಿನಿಂದಲೇ. ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ, ಒಂದು ಗೋದಾಮಿನ ಮೇಲಿನ ಮಹಡಿಯಲ್ಲಿ, ಕೋರಿಯವರ ನಕ್ಷೆ ಕಚೇರಿ ಇತ್ತು. ಉಕ್ಕಿನ ಶೆಡ್ಡು, ಮೆಟ್ಟಿಲು, ನೀರಿನ ಟ್ಯಾಂಕಿನ ಕಾಲು, ಪಾದಚಾರಿ ಸೇತುವೆ ಇಂಥವುಗಳ ಒಂದೊಂದು ತುಂಡನ್ನೂ ಒಂದೊಂದು ತೂತನ್ನೂ ಕಂಪ್ಯೂಟರಿನಲ್ಲಿ ಗೆರೆ ಹಾಕಿ ಕಾರ್ಖಾನೆಗೆ ಕಳಿಸುವುದು ಅಲ್ಲಿಯ ಕೆಲಸ. ದಿನವಿಡೀ ಕಪ್ಪು ಪರದೆಯ ಮೇಲಿನ ಕೂದಲೆಳೆಯಂಥ ಗೆರೆಗಳನ್ನು ನೋಡಿ ವನಜಾಳ ಕಣ್ಣುಗಳು ಸಂಜೆಯ ಹೊತ್ತಿಗೆ ಮೆಣಸಿನಕಾಯಿ ಮುಟ್ಟಿದ ಕೈ ತಗುಲಿದಂತೆ ಉರಿಯುತ್ತಿದ್ದವು. ಅವಳ ಗೊಣಗಾಟ ಕೇಳಿ ಸಾಕಾದ ಕೋರಿಯವರು ಒಂದು ದಿನ, "ನೀವ ಹೋಗಿ ಒಂದ ಛಲೋ ಮಾನಿಟರ್ ಆರಿಸ್ಕೊಂಡ ಬರ್ರಿ. ಕಟ್ಟಿ ಸರ್‌ನೂ ಕರ್ಕೊಂಡ ಹೋಗ್ರಿ. ಆಮ್ಯಾಲ ನನ್ನ ತಲಿ ತಿನ್ನಬ್ಯಾಡ್ರಿ," ಎಂದು ಕೈತೊಳೆದುಕೊಂಡರು.

ಕಟ್ಟಿ ಸರ್ ಎಂದರೆ ದತ್ತಾತ್ರೇಯ ಕಟ್ಟಿ, ಕಚೇರಿಯ ಹಿರಿಯರು. ಯಾರು ನಕ್ಷೆ ಬರೆದರೂ ಅದು ಅವರ ಕಣ್ಣ ಮುಂದೆ ಹಾಯ್ದು, ಅವರ ಸಹಿ ಬಿದ್ದ ಮೇಲೆಯೇ ಕಾರ್ಖಾನೆಗೆ ಹೋಗಬೇಕು. ವನಜಾಳಿಗೆ ಈ ವಿದ್ಯೆ ಕಲಿಸಿದವರೂ ಅವರೇ. ಇತ್ತೀಚೆಗೆ ಅವರಿಗೂ ಕಣ್ಣು ದಣಿಯುತ್ತಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಜಾತಿಯವರಲ್ಲ ಅವರು.

ಅಂಗಡಿಯಲ್ಲಿ ಇಬ್ಬರೂ ಸೇರಿ ಅಂಗಡಿಯವನ ಬೆವರಿಳಿಸಿದರು. ಅವನು ಮೊದಲು ತೋರಿಸಿದ್ದು ಬಣ್ಣ ಬಣ್ಣದ ಹೂವು ಕುಣಿಯುವ ಪರದೆ.

"ನಮಗ ಬಣ್ಣ ತಗೊಂಡ ಏನ್ ಮಾಡೂದೈತ್ರಿ? ಓರೆ ಗೆರಿ ಹಾಕಿದ್ರ ಗರಗಸದಂಗ ಕಾಣಬಾರದು, ಅಷ್ಟ ಸಾಕು," ಎಂದಳು ವನಜಾ.

ಹೊಳಪಿನ ಪರದೆಯಲ್ಲಿ ಟ್ಯೂಬ್‌ಲೈಟು ಕಾಣುತ್ತದೆಂದು ಅದೂ ಬೇಡವಾಯಿತು. ಬಾಗಿದ ಪರದೆಯನ್ನು ಕಟ್ಟಿ ಸರ್ ದೂರದಿಂದಲೇ ಕೈಯಾಡಿಸಿ ಬೇಡವೆಂದರು. "ಬಾಗಿದ್ದರಾಗ ನೆಟ್ಟಗಿನ ತೊಲಿ ನೋಡಿ ಸಹಿ ಹಾಕೂದು ಹ್ಯಾಂಗಪಾ? ನಾಳೆ ತೊಲಿ ಡೊಂಕಾದ್ರ ನಿನ್ನ ಹೆಸರು ಹೇಳಲೇನು?"

ಕೊನೆಗೆ ಅಂಗಡಿಯವನು ಒಳಗಿನಿಂದ ಒಂದನ್ನು ತಂದು ಮೇಜಿನ ಮೇಲಿಟ್ಟ. ಹೆಸರು 'ನಿರಾಯಾಸ'. ಚೌಕಟ್ಟಿನ ಮೇಲ್ಗಡೆ ನಟ್ಟನಡುವೆ ಸಾಸಿವೆ ಕಾಳಿನಷ್ಟು ಒಂದು ಗಾಜಿನ ಕಣ್ಣು. ಅದು ಎದುರು ಕುಳಿತವರ ಕಣ್ಣುಗುಡ್ಡೆಯನ್ನು ಬಿಡದೆ ನೋಡುತ್ತಿರುತ್ತದೆ.

ಅದರ ಹಿಂದಿನ ಸಂಗತಿ ಇಷ್ಟೇ. ತೋಳು ಚಾಚಿ ಹೆಬ್ಬೆರಳಿನ ಉಗುರು ನೋಡಿದರೆ, ಆ ಉಗುರಿನಷ್ಟು ಜಾಗವನ್ನು ಮಾತ್ರ ಮನುಷ್ಯ ಸ್ಪಷ್ಟವಾಗಿ ಕಾಣುತ್ತಾನೆ. ಸುತ್ತಲಿನದೆಲ್ಲ ಮಸುಕು. ಆ ಮಸುಕನ್ನು ಮನಸ್ಸು ತನ್ನ ಅಂದಾಜಿನಿಂದ ತುಂಬಿಕೊಳ್ಳುತ್ತದೆ, ನಾವು ಎಲ್ಲವನ್ನೂ ಕಂಡೆವೆಂದು ನಂಬುತ್ತೇವೆ. ಕಣ್ಣು ದಣಿಯುವುದು ಈ ಅಂದಾಜನ್ನು ಮತ್ತೆ ಮತ್ತೆ ತಾಳೆ ನೋಡುವ ಓಡಾಟದಿಂದ. ನಿರಾಯಾಸ ಪರದೆ ಆ ಅಂದಾಜಿನ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತಿತ್ತು. ನೋಡುವವರ ಕಣ್ಣಿನ ಅಭ್ಯಾಸ ಕಲಿತು, ಮುಂದೆ ಅದು ಎಲ್ಲಿಗೆ ಹೋಗುತ್ತದೆ, ಅಲ್ಲಿ ಏನನ್ನು ಎದುರು ನೋಡುತ್ತದೆ ಎಂದು ಊಹಿಸಿ, ಕಣ್ಣು ಹೋಗುವ ಮೊದಲೇ ಚೊಕ್ಕಟವಾಗಿ ಬರೆದಿಡುತ್ತಿತ್ತು. ಒಮ್ಮೆ ತೋರಿಸಿದ್ದನ್ನು ಕಣ್ಣೆದುರಿಗೇ ಬದಲಿಸುತ್ತಿರಲಿಲ್ಲ. ಬದಲಿಸಿದರೆ ಕಣ್ಣು ಬೆಚ್ಚುತ್ತದೆ, ಬೆಚ್ಚಿದರೆ ದಣಿಯುತ್ತದೆ.

ವನಜಾ ಎದುರಿಗೆ ಕುಳಿತು ಒಂದು ನಕ್ಷೆ ತೆರೆದಳು. ಬಿಸಿಲಿನಿಂದ ಬಂದು ತಣ್ಣೀರು ಮುಖಕ್ಕೆ ಹಾಕಿಕೊಂಡ ಹಾಗಾಯಿತು. "ಸರ್, ಇದ ಇರ್ಲಿ," ಎಂದಳು. ಬೇರೆ ಮಾತೇ ಇರಲಿಲ್ಲ.

ಅಂಥವೇ ಪರದೆಗಳು ಕಚೇರಿಯ ಎಲ್ಲರ ಮೇಜಿಗೂ ಬಂದವು. ಒಂದೊಂದು ಪರದೆಯೂ ತನ್ನೆದುರು ಕೂರುವವರ ಕಣ್ಣು ಕಲಿಯಲು ಹಲವು ವಾರ ಬೇಕೆಂದು ಅಂಗಡಿಯವನು ಹೇಳಿದ್ದ. ಅಷ್ಟು ದಿನ ಎಲ್ಲರ ಕೆಲಸವೂ ಕುಂಟುತ್ತಿತ್ತು. ಕಟ್ಟಿ ಸರ್ ಪರದೆ ಮಾತ್ರ ಎಲ್ಲಕ್ಕಿಂತ ಮೊದಲು ತಯಾರಾಯಿತು. ಆಗ ಕೋರಿಯವರಿಗೆ ಒಂದು ಉಪಾಯ ಹೊಳೆಯಿತು. ಕಟ್ಟಿ ಸರ್ ಪರದೆ ಕಲಿತದ್ದನ್ನೇ ಉಳಿದೆಲ್ಲ ಪರದೆಗಳಿಗೂ ನಕಲು ಮಾಡಿದರೆ?

"ಕಟ್ಟಿ ಸರ್ ಕಣ್ಣು ಎಲ್ಲಾರಿಗೂ ಸಿಕ್ಕಂಗಾತು. ಇದಕ್ಕಿಂತ ಪುಣ್ಯ ಏನ್ ಬೇಕ್ರಿ ನಿಮಗ?" ಎಂದು ನಕ್ಕರು ಕೋರಿಯವರು.

ಯಾರೂ ಬೇಡವೆನ್ನಲಿಲ್ಲ. ಗುರುಗಳ ಕಣ್ಣಿನಿಂದ ನೋಡುವುದು ಅವರಿಗೆಲ್ಲ ಹೆಮ್ಮೆಯ ವಿಷಯವಾಗಿತ್ತು. ಕಟ್ಟಿ ಸರ್ ನಾಚಿ ಕನ್ನಡಕ ಒರೆಸಿಕೊಂಡರು. ಅದರಲ್ಲಿ ಅಪಾಯವಿದೆಯೆಂದು ಆ ಕೋಣೆಯ ಒಬ್ಬರಿಗೂ ಅನ್ನಿಸಲಿಲ್ಲ.

ನಿಜಕ್ಕೂ ಸುಖವಾಯಿತು. ತಲೆನೋವು ಹೋಯಿತು, ಕೆಲಸ ಬೇಗ ಬೇಗ ಸಾಗಿತು. ಕಟ್ಟಿ ಸರ್ ತಪ್ಪು ಹಿಡಿಯುವುದೇ ಕಡಿಮೆಯಾಯಿತು. ಹುಡುಗರು ಪಳಗಿದರೆಂದು ಕೋರಿಯವರು ಹಿಗ್ಗಿದರು. ಕಾಗದದ ಮೇಲೆ ನಕ್ಷೆ ತೆಗೆದು ನೋಡುವ ಹಳೆಯ ಪದ್ಧತಿ ತಾನಾಗಿಯೇ ನಿಂತುಹೋಯಿತು. ಆ ವರ್ಷ ಅಲ್ಲಿಂದ ಹೋದ ದೊಡ್ಡ ಕೆಲಸವೆಂದರೆ ಬೈಪಾಸ್ ರಸ್ತೆಯ ಮೇಲಿನ ಪಾದಚಾರಿ ಸೇತುವೆ. ರಸ್ತೆಯ ಆಚೆಗಿದ್ದ ಶಾಲೆಯ ಮಕ್ಕಳು ಲಾರಿಗಳ ನಡುವೆ ಓಡಿ ದಾಟುವುದನ್ನು ನೋಡಲಾರದೆ ಶಾಲೆಯವರೇ ದಾನಿಗಳನ್ನು ಹಿಡಿದು ಕಟ್ಟಿಸುತ್ತಿದ್ದರು. ವನಜಾಳ ಮಗಳು ತನ್ಮಯಿ ಅದೇ ಶಾಲೆಯ ಎಂಟನೆಯ ತರಗತಿಯಲ್ಲಿದ್ದಳು. ಆ ನಕ್ಷೆಯನ್ನು ವನಜಾ ಬೇರೆ ಯಾರಿಗೂ ಕೊಡದೆ ತಾನೇ ಬರೆದಿದ್ದಳು.

ಮನೆಯಲ್ಲೂ ಅವಳು ಹಗುರಾಗಿದ್ದಳು. ಸಂಜೆ ಬಂದವಳೇ ಹಣೆ ಹಿಡಿದು ಮಲಗುತ್ತಿದ್ದವಳು ಈಗ ಹಾಡು ಗುನುಗುತ್ತ ಅಕ್ಕಿ ಆರಿಸಲು ಕೂರುತ್ತಿದ್ದಳು. ಆದರೆ ಒಂದು ದಿನ ಊಟಕ್ಕೆ ಕುಳಿತ ಗಂಡ ಈರಪ್ಪ ಎರಡನೇ ತುತ್ತಿಗೇ ಕಟಕ್ಕೆಂದು ಕಲ್ಲು ಕಡಿದ.

"ಏನಲೇ ವನಜಾ, ಕಲ್ಲು ಆರಿಸಿ ಅಕ್ಕಿ ಚೆಲ್ಲಿಯೇನು?"

"ಇಲ್ಲರೀ, ಕಣ್ಣಾರೆ ನೋಡೀನಿ. ತಾಟಿನ್ಯಾಗ ಒಂದೂ ಕಲ್ಲಿರಲಿಲ್ಲ."

ಮರುದಿನ ಅವಳು ಬೇಕೆಂದೇ ಬಾಗಿಲ ಬೆಳಕಿನಲ್ಲಿ ಕುಳಿತು ಆರಿಸಿದಳು. ತಾಟಿನ ತುಂಬ ಬೆಳ್ಳಗಿನ ಅಕ್ಕಿ. ಒಲೆಗೆ ಹಾಕುವ ಮುಂಚೆ ತನ್ಮಯಿ ಬಂದು ತಾಟಿನ ಬಲತುದಿಯಿಂದ ಕರೀ ಹರಳುಗಳನ್ನು ಎತ್ತಿ ಎತ್ತಿ ಅವಳ ಅಂಗೈಗೆ ಹಾಕಿದಳು. "ಇವೇನ್ ಹವಳ ಅಂತ ಬಿಟ್ಟೀ ಏನವ್ವಾ?" ಎಂದು ನಕ್ಕಳು. ವನಜಾಳೂ ನಕ್ಕಳು. ವಯಸ್ಸಾಯಿತು, ಇನ್ನೇನು ಎಂದು ಸಮಾಧಾನ ಮಾಡಿಕೊಂಡಳು.

ದಸರೆ ಬಂತು. ವಿಜಯದಶಮಿಯ ದಿನ ಸೇತುವೆಯ ಉದ್ಘಾಟನೆ. ಹಿಂದಿನ ದಿನ ಖಂಡೆ ಪೂಜೆ. ಉತ್ತರದ ಈ ಊರುಗಳಲ್ಲಿ ಅಂದು ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ ಕೈಗೆ ಅನ್ನ ಕೊಡುವುದಕ್ಕೆಲ್ಲ ಪೂಜೆಯಾಗುತ್ತದೆ. ಕೋರಿಯವರ ಕಚೇರಿಯಲ್ಲಿ ಪರದೆಗಳನ್ನೆಲ್ಲ ಒರೆಸಿ, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿದರು. ಕುಂಕುಮ ಎಲ್ಲಿ ಇಡಬೇಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ಮುಖವಿದ್ದಂತಿದ್ದ ಪರದೆಯ ಮೇಲ್ಗಡೆ, ನಟ್ಟನಡುವೆ, ಹಣೆಗೆ ಇಟ್ಟಂತೆ ವನಜಾ ತನ್ನ ಪರದೆಗೆ ದೊಡ್ಡದೊಂದು ಬೊಟ್ಟು ಇಟ್ಟಳು.

ಪೂಜೆಯಾದ ಮೇಲೆ ಯಂತ್ರ ಮುಟ್ಟಬಾರದೆಂಬ ವಾಡಿಕೆ. ಆದರೆ ಕೋರಿಯವರು ಪೇಡೆ ಬಾಯಿಗೆ ಹಾಕಿಕೊಳ್ಳುತ್ತಲೇ ಬಂದರು. "ವನಜಕ್ಕಾರ, ಶಾಲಿಯಿಂದ ಫೋನ್ ಬಂದಿತ್ತು. ನಾಳೆ ಹಾಕೋ ಫಲಕಕ್ಕ ಸೇತುವಿದೊಂದ ಚಿತ್ರ ಬೇಕಂತ. ದೇವ್ರಿಗೆ ತಪ್ಪಾತಂತ ಹೇಳಿ ಒಂದ ಚಿತ್ರ ಕಳಿಸಿಬಿಡ್ರಿ."

ಅವಳು ಪರದೆಗೆ ಕೈಮುಗಿದು ನಕ್ಷೆ ತೆರೆದಳು. ಮೂಲೆಯಲ್ಲಿ ಹಿಂದೆಂದೂ ಕಾಣದ ಸಣ್ಣ ಸಾಲೊಂದು ಮೂಡಿತ್ತು. 'ಕಣ್ಣು ಸಿಗುತ್ತಿಲ್ಲ. ಇದ್ದದ್ದನ್ನು ಇದ್ದಂತೆ ತೋರಿಸಲಾಗುತ್ತಿದೆ.'

ಅವಳು ಅದಕ್ಕೆ ಗಮನ ಕೊಡಲಿಲ್ಲ. ಫಲಕಕ್ಕೆ ಚೆಂದ ಕಾಣುವ ಭಾಗ ಹುಡುಕುತ್ತ, ತೊಲೆಯೂ ಕಂಬವೂ ಸೇರುವ ಜಾಗದ ತಗಡನ್ನು ಆರಿಸಿ ಮೌಸಿನ ಗಾಲಿ ತಿರುಗಿಸಿದಳು. ಬಾಣದ ಗುರುತು ತಗಡಿನ ಕೆಳಗಿನ ಬಲಮೂಲೆಯ ಮೇಲಿತ್ತು. ಅದೇ ಮೂಲೆ ದೊಡ್ಡದಾಗುತ್ತ ಆಗುತ್ತ ಇಡೀ ಪರದೆ ತುಂಬಿಕೊಂಡಿತು. ಬೋಲ್ಟುಗಳ ತೂತು ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

'ಕಣ್ಣು ಸಿಗುತ್ತಿಲ್ಲ' ಎಂಬ ಸಾಲು ನೆನಪಾಗಿ ವನಜಾ ಗಾಜಿನ ಕಣ್ಣನ್ನು ಮುಚ್ಚಿದ್ದ ಬೊಟ್ಟನ್ನು ಸೆರಗಿನಿಂದ ಒರೆಸಿದಳು. ತೂತುಗಳು ಬಂದವು. ದುಂಡಗೆ, ಸ್ಪಷ್ಟವಾಗಿ, ಅಳತೆಯ ಸಮೇತ. ಗಾಜಿನ ಕಣ್ಣಿನ ಮೇಲೆ ಹೆಬ್ಬೆರಳಿಟ್ಟಳು. ಹೋದವು. ತೆಗೆದಳು. ಬಂದವು. ಬೇರೆ ತಗಡು ತೆರೆದಳು, ಅದರಲ್ಲೂ ಹಾಗೇ. ಸೇತುವೆಯ ಪ್ರತಿ ಜೋಡಣೆಯಲ್ಲೂ ಕೆಳಗಿನ ಬಲಮೂಲೆ ಬರಿದು. ಪ್ರತಿ ಸಲವೂ ಅಲ್ಲಿಗೆ ಬರುವಷ್ಟರಲ್ಲಿ ಪರದೆ ತೂತು ತೋರಿಸಿತ್ತು, ಹಾಕಿಯಾಗಿದೆಯೆಂದು ತಿಳಿದು ಅವಳು ಮುಂದೆ ಸಾಗಿದ್ದಳು. ಕಬ್ಬಿಣ ಕೊರೆಯುವ ಯಂತ್ರಕ್ಕೆ ಕಣ್ಣಿನ ಅಭ್ಯಾಸವಿಲ್ಲ. ಕಡತದಲ್ಲಿ ಇದ್ದಷ್ಟೇ ತೂತು ಕೊರೆದಿರುತ್ತದೆ, ಜೋಡಿಸುವವರು ಇದ್ದ ತೂತಿಗಷ್ಟೇ ಬೋಲ್ಟು ಹಾಕಿರುತ್ತಾರೆ.

ಯಾಕೆ ಯಾವಾಗಲೂ ಅದೇ ಮೂಲೆ? ಅವಳು ಕಟ್ಟಿ ಸರ್ ಮೇಜಿನತ್ತ ನೋಡಿದಳು. ಅವರು ಪೇಡೆ ತಿಂದು ಬಲಗಡೆ ಇಟ್ಟಿದ್ದ ನೀರಿನ ಲೋಟಕ್ಕಾಗಿ ಮೇಜು ತಡವುತ್ತಿದ್ದರು.

"ಸರ್, ಒಂಚೂರು ನನ್ನ ಮೂಗು ನೋಡ್ರಿ," ಎಂದು ಎದುರು ಕುಳಿತಳು.

"ಏನ ಹುಡುಗಾಟವಾ ಇದು?"

"ನೋಡ್ರಿ ಸರ್. ಕಣ್ಣ ಕದಲಿಸಬ್ಯಾಡ್ರಿ." ಕುಂಕುಮ ಹತ್ತಿದ ಬೆರಳನ್ನು ಅವರ ಎಡಗಡೆ ಆಡಿಸಿದಳು. ಕಾಣುತ್ತದೆಂದರು. ಮೇಲೆ ಆಡಿಸಿದಳು. ಕಾಣುತ್ತದೆಂದರು. ಬಲಗಡೆ ಕೆಳಗೆ ತಂದಳು. "ಈಗ?"

"ಎಲ್ಲೆ ಬೆರಳು? ಕೈ ಹಿಂದಕ್ಕ ತಗೊಂಡಿ?"

"ಇಲ್ಲೇ ಐತ್ರಿ ಸರ್."

"ಅಲ್ಲೆ ಗ್ವಾಡಿ ಅದ," ಎಂದರು ಕಟ್ಟಿ ಸರ್. "ಬರೇ ಗ್ವಾಡಿ ಅದ."

ಬೆರಳು ಅಲ್ಲಿಯೇ ಇತ್ತು, ಅಲುಗುತ್ತಿತ್ತು. ನೋವಿಲ್ಲದೆ, ಉರಿಯಿಲ್ಲದೆ ನೋಟದ ಒಂದು ಮೂಲೆಯನ್ನು ತಿನ್ನುವ ಕಾಯಿಲೆ ಉಂಟು. ತಿಂದ ಜಾಗ ಕಪ್ಪಾಗಿ ಕಾಣುವುದಿಲ್ಲ. ಮನಸ್ಸು ಅಲ್ಲಿ ಗೋಡೆ ಇದ್ದರೆ ಗೋಡೆ ತುಂಬುತ್ತದೆ, ಆಕಾಶ ಇದ್ದರೆ ಆಕಾಶ. ಕಟ್ಟಿ ಸರ್ ಕಣ್ಣನ್ನು ಕಲಿತ ಪರದೆ ಆ ಕುರುಡು ಮೂಲೆಯನ್ನೂ ಕಲಿತಿತ್ತು. ಅಲ್ಲಿ ಅವರ ಕಣ್ಣು ತಡವರಿಸುವುದನ್ನು ನೋಡಿ, ಅವರು ಎದುರು ನೋಡಿದ್ದನ್ನೇ ತುಂಬಿ ಕೊಟ್ಟಿತ್ತು. ಆಮೇಲೆ ಅದೇ ಔದಾರ್ಯವನ್ನು ಕೋಣೆಯ ಎಲ್ಲರಿಗೂ ಹಂಚಿತ್ತು.

ಕಟ್ಟಿ ಸರ್‌ಗೆ ಹೇಳಿ ತಿಳಿಸಬೇಕಾಗಲಿಲ್ಲ. "ಹೊಸಾ ಪರದೆ ಬಂದಮ್ಯಾಲೆ ಕಣ್ಣು ಛಲೋ ಆದವು ಅಂತ ಡಾಕ್ಟರ್ ಕಡೆ ಹೋಗೂದ ಬಿಟ್ಟಿದ್ದೆ," ಎಂದರು. "ವನಜಾ, ಸೇತುವಿ ಮ್ಯಾಲ ಯಾರರೆ ಹತ್ಯಾರೇನ?"

ಹತ್ತಿದ್ದರು. ಮರುದಿನದ ಉದ್ಘಾಟನೆಗೆ ಮಕ್ಕಳೆಲ್ಲ ಒಂದೇ ಹೆಜ್ಜೆಗೆ ಕುಣಿಯುವ ಲೇಜಿಮ್ ಮೇಳದ ತಾಲೀಮು ಆಗ ಸೇತುವೆಯ ಮೇಲೆಯೇ ನಡೆಯುತ್ತಿತ್ತು. ಮೇಳದ ಮುಂದಿನ ಸಾಲಿನಲ್ಲಿ ತನ್ಮಯಿ ಇದ್ದಳು.

ವನಜಾ ಹೇಳಿದ್ದನ್ನು ಕೇಳಿ ಕೋರಿಯವರು ಮೊದಲು ನಂಬಲಿಲ್ಲ. ಕುಂಕುಮ ಒಳಗೆ ಹೋಗಿ ಪರದೆ ಕೆಟ್ಟಿರಬೇಕೆಂದರು. ನಾಳೆ ಊರೆಲ್ಲ ಬರುವಾಗ ಇದೇನು ಅಪಶಕುನ ಎಂದು ರೇಗಿದರು. ಆದರೂ ಕಾರಿನ ಕೀಲಿ ಕೈಗೆತ್ತಿಕೊಂಡು ಇಬ್ಬರನ್ನೂ ಹತ್ತಿಸಿಕೊಂಡರು. ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಮಾಡಿದ ಫೋನನ್ನು ಯಾರೂ ಎತ್ತಲಿಲ್ಲ. ದಾರಿಯುದ್ದಕ್ಕೂ ವನಜಾ ಒಂದೇ ಮಾತು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು: ಲೇಜಿಮ್ ಬ್ಯಾಡ, ದೇವ್ರೇ, ಎಲ್ಲಾರೂ ಕೂಡಿ ಹೆಜ್ಜಿ ಹಾಕೂದು ಬ್ಯಾಡ.

ದೂರದಿಂದಲೇ ಮೇಳದವರು ಹಲಗೆ ಬಾರಿಸುವ ಸದ್ದು ಕೇಳಿಸಿತು. ತಳಿರು ತೋರಣ ಕಟ್ಟಿದ ಸೇತುವೆಯ ಮೇಲೆ ಮಕ್ಕಳು ಒಟ್ಟಾಗಿ ಬಾಗಿ, ಒಟ್ಟಾಗಿ ಎದ್ದು, ಒಟ್ಟಾಗಿ ಕಾಲು ಅಪ್ಪಳಿಸುತ್ತಿದ್ದರು. ಕೆಳಗೆ ಲಾರಿಗಳು ಓಡುತ್ತಿದ್ದವು. ಮೂವರೂ ಮೆಟ್ಟಿಲೇರಿ, ಮೆಟ್ಟಿಲು ತಿರುಗುವಲ್ಲಿದ್ದ ನಡುವಿನ ಕಟ್ಟೆಯಲ್ಲಿ ನಿಂತರು. ಕಂಬಕ್ಕೆ ತೊಲೆ ಸೇರುವ ತಗಡು ಅಲ್ಲಿ ಎದೆಯ ಮಟ್ಟದಲ್ಲಿತ್ತು.

ವನಜಾ ನೋಡಿದಳು. ಎಡಗಡೆ ಮೇಲಿನಿಂದ ಕೆಳಗಿನವರೆಗೆ ಬೋಲ್ಟುಗಳು. ಬಲಗಡೆಯೂ ಮೇಲಿನಿಂದ ಕೆಳಗಿನವರೆಗೆ ಬೋಲ್ಟುಗಳು. ಕೆಳಗಿನ ಮೂಲೆಯಲ್ಲೂ ಇದ್ದವು, ಬಿಸಿಲಿಗೆ ಮಿನುಗುತ್ತಿದ್ದವು. ಅವಳಿಗೆ ಅಳುವೇ ಬಂದುಬಿಟ್ಟಿತು. "ಅದಾವ ಸರ್, ಎಲ್ಲಾ ಅದಾವ!"

"ಹೌದವಾ, ಅವ," ಎಂದರು ಕಟ್ಟಿ ಸರ್, ನಿಟ್ಟುಸಿರು ಬಿಟ್ಟು.

ಕೋರಿಯವರು ಇಬ್ಬರ ಮುಖವನ್ನೂ ನೋಡಿದರು. ಅವರು ಎಂದೂ ಆ ಪರದೆಯ ಮುಂದೆ ಕುಳಿತವರಲ್ಲ, ಅವರ ವ್ಯವಹಾರವೆಲ್ಲ ಫೋನಿನಲ್ಲೇ. ಅವರ ದನಿ ಸಣ್ಣಗಾಗಿತ್ತು. "ಎಲ್ಲಿ ಅದಾವ್ರಿ? ಏನ್ ಮಾತಾಡಾಕತ್ತೀರಿ ಇಬ್ಬರೂ? ಈ ಮೂಲಿ ಖಾಲಿ ಐತಿ."

ವನಜಾ ಕೈಚಾಚಿ ಬೋಲ್ಟಿನ ಮೇಲೆ ಬೆರಳಿಟ್ಟಳು. ಬೆರಳಿಗೆ ಸಿಕ್ಕಿದ್ದು ನುಣ್ಣನೆಯ ಬಣ್ಣ ಬಳಿದ ಬರಿಯ ತಗಡು. ಬೆರಳನ್ನು ಉಜ್ಜಿದಳು. ಆಗ, ಉಜ್ಜಿದ ಮೇಲಷ್ಟೇ, ಮಿನುಗುತ್ತಿದ್ದ ಬೋಲ್ಟುಗಳು ನಿಧಾನವಾಗಿ ಅಳಿಸಿಹೋದವು. ಕಚೇರಿಯಲ್ಲಿ ಇಡೀ ಪರದೆ ತುಂಬ ಒಂದೇ ಮೂಲೆ ಇತ್ತು, ಪಕ್ಕದ ಸಾಲು ನೋಡಿ ಊಹಿಸಿಕೊಳ್ಳಲು ಕಣ್ಣಿಗೆ ಆಧಾರವಿರಲಿಲ್ಲ. ಇಲ್ಲಿ ಆಧಾರವಿತ್ತು. ಇಷ್ಟು ತಿಂಗಳು ಪರದೆ ಮಾಡುತ್ತಿದ್ದ ಕೆಲಸವನ್ನು ಈಗ ಅವಳ ಕಣ್ಣೇ ಕಲಿತು ಮಾಡುತ್ತಿತ್ತು. ಬೆರಳಡಿಯಲ್ಲಿ ತಗಡು ಮಕ್ಕಳ ಪ್ರತಿ ಹೆಜ್ಜೆಗೂ ಕಂಬದಿಂದ ಒಂದಿಷ್ಟು ಬಿಟ್ಟು ಮತ್ತೆ ಕೂಡುತ್ತಿತ್ತು.

"ನಿಲ್ಲಸ್ರೀ!" ಎಂದು ಕಿರುಚಿದಳು.

ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಓಡಿ ಹೋಗಲು ಹೊರಟವಳ ರಟ್ಟೆಯನ್ನು ಕಟ್ಟಿ ಸರ್ ಹಿಡಿದರು. "ಓಡಬ್ಯಾಡ. ನೀ ಓಡಿದ್ರ ಅವರೂ ಓಡತಾರ." ಅವರು ಚಪ್ಪಲಿ ಬಿಟ್ಟು, ಕಂಬಿ ಹಿಡಿದು ಮೆಲ್ಲಗೆ ಸೇತುವೆಯ ಮೇಲೆ ನಡೆದರು. ಹಲಗೆ ಬಾರಿಸುವವನ ಕೈಯನ್ನು ಹಿಡಿದರು. ಸದ್ದು ನಿಂತಿತು, ಹೆಜ್ಜೆಗಳು ನಿಂತವು. "ಮಕ್ಕಳ, ಇದಕ್ಕ ಸಹಿ ಹಾಕಿದಾವ ನಾನ. ನಾ ಹೇಳಿದಂಗ ಕೇಳ್ರಿ. ಒಬ್ಬೊಬ್ಬರ ಇಳೀರಿ. ಕುಣೀಬ್ಯಾಡ್ರಿ, ಓಡಬ್ಯಾಡ್ರಿ." ಕೊನೆಯ ಮಗು ಇಳಿಯುವವರೆಗೂ ಅವರು ನಡುವೆಯೇ ನಿಂತಿದ್ದರು. ಆಮೇಲೆ ಇಳಿದು ಬಂದು ಮೊದಲನೆಯ ಮೆಟ್ಟಿಲಿಗೆ ಅಡ್ಡ ಕುಳಿತರು. ಇನ್ನು ಯಾರನ್ನೂ ಹತ್ತಗೊಡುವುದಿಲ್ಲವೆಂದು ಆ ಕೂತ ರೀತಿಯೇ ಹೇಳುತ್ತಿತ್ತು.

ಕೋರಿಯವರು ಕಂಬಕ್ಕೊರಗಿ ಬೆವರುತ್ತಿದ್ದರು. "ಆ ಟ್ಯಾಂಕಿನ ಕಾಲು," ಎಂದರು. "ಆ ದವಾಖಾನಿ ಮೆಟ್ಲಾ. ಆ ಸಿನೆಮಾ ಮಂದಿರದ ಬಾಲ್ಕನಿ. ಎಷ್ಟ ಹೋಗ್ಯಾವ್ರಿ ಈ ಪರದಿಯಿಂದ?" ಅವರು ಫೋನು ಕಿವಿಗಿಟ್ಟುಕೊಂಡು ಒಬ್ಬೊಬ್ಬರನ್ನೇ ಕರೆಯತೊಡಗಿದರು.

ಮಕ್ಕಳ ಗುಂಪಿನಿಂದ ತನ್ಮಯಿ ಬಂದು ತಾಯಿಯ ಎದುರು ನಿಂತಳು. ವನಜಾಳ ಜೀವಕ್ಕೆ ಜೀವ ಬಂತು. ಎಂದಿನಂತೆ ನಗುತ್ತ ಬಂದಿದ್ದಾಳೆ, ಹುಡುಗಿ. ಇಷ್ಟೆಲ್ಲ ಆದ ಮೇಲೂ ನಗುತ್ತಿದ್ದಾಳಲ್ಲ ಎಂದು ಅವಳಿಗೂ ನಗು ಬಂತು.

"ಹೆದರಲಿಲ್ಲೇನ ನನ್ನ ಚಿನ್ನ? ಹ್ಯಾಂಗ ನಗಾಕತ್ತೀ ನೋಡು!"

"ನಾ ಎಲ್ಲಿ ನಗಾಕತ್ತೀನವ್ವಾ?" ಮಗಳ ದನಿ ಒಡೆದಿತ್ತು.

ವನಜಾ ಎರಡೂ ಕೈಗಳಿಂದ ಆ ಮುಖವನ್ನು ಹಿಡಿದಳು. ಬೆರಳಿಗೆ ಸಿಕ್ಕ ಕೆನ್ನೆ ತೋಯ್ದಿತ್ತು, ತುಟಿ ಬಿಕ್ಕಿ ಬಿಕ್ಕಿ ನಡುಗುತ್ತಿತ್ತು. ಅವಳು ಉಜ್ಜಿದಳು, ಕಣ್ಣು ಮುಚ್ಚಿ ತೆರೆದಳು, ಮತ್ತೆ ಉಜ್ಜಿದಳು. ಅಂಗೈ ಒದ್ದೆಯಾಗುತ್ತಲೇ ಇತ್ತು. ಮಗಳು ಮಾತ್ರ ಅವಳ ಕಣ್ಣೆದುರಿಗೆ ನಗುತ್ತಲೇ ಇದ್ದಳು.